ಸಾಹೇಬರು ಉಂಡ ಒಂಬತ್ತು ದಿನದ ರೊಟ್ಟಿ

ಕರಿಹೊಂಡ, ಗದಗ ಸೀಮೆ
ಫೆಬ್ರವರಿ 30, 2231

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಕರಿಹೊಂಡದ ಖಾನಾವಳಿಯ ಫಕೀರವ್ವ ಕಮಡೊಳ್ಳಿ ಮಾಡುವ ಶರಣು.

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ, ಪಾಪ ಅದೊಂದೇ ಯಾಕೆ ಸೊರಗಬೇಕೆಂದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು. ಕ್ಷಮಿಸಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮ ಕೈಗೆ ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ. ಅದು ಅಂಚೆಯವರಿಗೇ ಗೊತ್ತಿಲ್ಲ.

ನನ್ನ ಖಾನಾವಳಿ ಕೆರೆಯ ದಂಡೆಯ ಮೇಲಿದೆ. ಆರು ಒಲೆ, ಹಿಟ್ಟು ನಾದಿ ರೊಟ್ಟಿ ಬಡಿಯಲು ಆರು ಕೊಣಮಿಗೆ, ಮಧ್ಯಾಹ್ನಕ್ಕೆ ಮುನ್ನೂರು ರೊಟ್ಟಿ. ತೂಗುಗಾಡಿಯಿಂದ, ಅಂದರೆ ತಂತಿಗೆ ಜೋತುಬಿದ್ದು ಗದಗಿನಿಂದ ಬರುವ ಬಸ್ಸಿನಿಂದ, ಜನ ಇಳಿದವರೇ ನೇರ ನನ್ನ ಪಂಕ್ತಿಗೆ ಬರುತ್ತಾರೆ. ಈಗ ಬೆಳೆಯುವ ಮೋಟುಜೋಳಕ್ಕೆ ನಿಮ್ಮ ಬಿಳಿಜೋಳದಷ್ಟು ಜಿಗಿ ಇಲ್ಲ. ಲಟ್ಟಿಸಿದರೆ ಅಂಚು ಒಡೆದು ಚೂರಾಗುತ್ತದೆ, ಬಡಿದರೆ ಮಾತ್ರ ಕೂಡಿಕೊಳ್ಳುತ್ತದೆ. ಆದ್ದರಿಂದ ನಮ್ಮಲ್ಲಿ ಬೆಳಗಿನಿಂದ ಟಪಟಪ ಸದ್ದು ನಿಲ್ಲುವುದೇ ಇಲ್ಲ.

ಹಿಂದಿನ ಚಳಿಗಾಲದಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಒಂದು ಆದೇಶ ಬಂತು. ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಅವುಗಳಿಗೆ ನೆಮ್ಮದಿ ಬೇಕು, ಆದ್ದರಿಂದ ಏರಿಯ ಒಳಗಿನ ಜಾಗವೆಲ್ಲ ಮೌನಪಟ್ಟಿ, ಅಲ್ಲಿ ಇಪ್ಪತ್ತು ಪಿಸು ದಾಟಬಾರದು. ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಿದಷ್ಟು ಸದ್ದಿಗೆ ಒಂದು ಪಿಸು ಎನ್ನುತ್ತಾರೆ. ಸದ್ದು ಅಳೆಯಲು ಕಿವಿಗಂಬ ನೆಟ್ಟರು. ಮಿತಿ ಮೀರಿದರೆ ಕಂಬದ ತಲೆಯ ದೀಪ ಕೆಂಪಾಗುತ್ತದೆ, ಒಂದು ರೊಟ್ಟಿ ಬಡಿದರೂ ಸಾಕು. ಹೆಬ್ಬಾತುಗಳೇ ಒಟ್ಟಿಗೆ ಕೂಗಿದಾಗಲೂ ಕೆಂಪಾಗುತ್ತಿತ್ತು, ಆದರೆ ಅವುಗಳಿಗೆ ನೋಟಿಸು ಹೋದದ್ದು ನಾನು ಕಾಣೆ. ಹಕ್ಕಿಗಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಆದೇಶದ ಕೊನೆಯ ಸಾಲಿಗೆ: 'ಮಾಲೀಕರಿಂದ ಏನನ್ನೂ ಪಡೆಯಲಾಗುತ್ತಿಲ್ಲ, ಜಾಗ ಅವರದೇ.' ಜಾಗ ನನ್ನದೇ, ಹೌದು. ಅಲ್ಲಿ ಕೂತು ಗೋಡೆ ನೋಡುವ ಹಕ್ಕು ಪೂರ್ತಿ ನನ್ನದು!

ನಿಮ್ಮ ಕಾಲದ ಸಂವಿಧಾನದಲ್ಲಿ ಮುನ್ನೂರು-ಎ ಎಂಬ ವಿಧಿ ಇತ್ತಲ್ಲ, ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎಂದು. ಅದರ ಕೆಳಗೆ ನಮ್ಮವರು ಒಂದು ಸಾಲು ಸೇರಿಸಿದ್ದಾರೆ. ಜಾಗವನ್ನು ಬಿಟ್ಟು ಜಾಗದ ಕೆಲಸವನ್ನು ಕಸಿದರೂ ಅದು ಕಸಿದದ್ದೇ. ಇದಕ್ಕೆ ನಾವು 'ಕಸಿತ' ಎನ್ನುತ್ತೇವೆ. ಕಸಿತ ಇದ್ದರೆ ಸರ್ಕಾರ ಅಷ್ಟೇ ಬೆಲೆಯ ಬದಲಿ ಕೊಡಬೇಕು, ಇಲ್ಲವೇ ಆದೇಶ ಹಿಂತೆಗೆಯಬೇಕು. ಇದೆಯೋ ಇಲ್ಲವೋ ತಿಳಿಯಲು ವಾಸಪರೀಕ್ಷೆ ನಡೆಯುತ್ತದೆ: ಆದೇಶ ಬರೆದ ಅಧಿಕಾರಿಯೇ ಒಂಬತ್ತು ದಿನ ಆ ಜಾಗದಲ್ಲಿದ್ದು, ಆದೇಶ ಪಾಲಿಸಿಕೊಂಡು, ಅಲ್ಲಿ ತಯಾರಾದದ್ದನ್ನೇ ಉಂಡು ವರದಿ ಬರೆಯಬೇಕು.

ನಾನೂ ಅರ್ಜಿ ಹಾಕಿದೆ. ಹಾಗೆ ಬಂದವರು ಸುಧೀಂದ್ರ ಗಲಗಲಿ ಸಾಹೇಬರು. ತೆಳ್ಳನೆಯ ಸಂಕೋಚದ ಮನುಷ್ಯ, ಸ್ವಂತ ಹಾಸಿಗೆ ತಂದಿದ್ದರು. ಮೊದಲ ದಿನ ಸದ್ದಿಲ್ಲದೆ ಲಟ್ಟಿಸಿದ ರೊಟ್ಟಿ ಹಂಚಿನ ಮೇಲೆ ನಾಲ್ಕು ಹೋಳಾಯಿತು. ಅದನ್ನು ತಾಟಿಗೆ ಹಾಕಲು ನನ್ನ ಕೈ ಮುಂದೆ ಹೋಗಲೇ ಇಲ್ಲ. ಖಾನಾವಳಿ ಉಳಿಯಬೇಕಾದರೆ ಅದನ್ನೇ ಹಾಕಬೇಕು, ಗೊತ್ತಿತ್ತು. ಆದರೆ ನಲವತ್ತು ವರ್ಷ ಬಡಿಸಿದ ಕೈಗೆ ಕಾನೂನು ಎಲ್ಲಿ ತಿಳಿಯುತ್ತದೆ? ಹಿಟ್ಟಿನ ಬುಟ್ಟಿ ಹೊತ್ತು ಏರಿಯಾಚೆಯ ನೆಗೆಣ್ಣಿ ಕಲ್ಲವ್ವನ ಮನೆಗೆ ಹೋಗಿ, ಅಲ್ಲಿ ಬಡಿದು ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ಬಿಸಿಬಿಸಿ ತಂದೆ. ಮುನ್ನೂರು ರೊಟ್ಟಿ ಹಾಗೆ ಹೊರಲಾಗದು, ಒಬ್ಬರ ಪಾಲಿಗೆ ಏನು ಮಹಾ. ಒಂಬತ್ತು ದಿನವೂ ಅದೇ ನಡೆಯಿತು. ಜೊತೆಗೆ ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಕೆನೆಮೊಸರು. ಸಾಹೇಬರ ಗಲ್ಲಗಳು ತುಂಬಿಕೊಂಡವು. ಪಂಕ್ತಿ ಮಾತ್ರ ಖಾಲಿ. ಹಳೆಯ ಗಿರಾಕಿಗಳು ಬಾಗಿಲಲ್ಲೇ ಇಣುಕಿ, ಉಳಿದವರಿಗೆಂದು ಲಟ್ಟಿಸಿಟ್ಟ ಚೂರುಗಳನ್ನು ನೋಡಿ ತಿರುಗಿ ಹೋದರು.

ಕೊನೆಯ ದಿನ ನನ್ನ ಪಡಸಾಲೆಯಲ್ಲೇ ವಿಚಾರಣೆ. ತೀರ್ಪು ಹೇಳಲು ಮೂವರು ಕೇಳುಗರು ಬಂದರು. ಮೊದಲು ಕೇಳಿ ಆಮೇಲೆ ಹೇಳಲಿ ಎಂದೇ ನಮ್ಮಲ್ಲಿ ನ್ಯಾಯಾಧೀಶರಿಗೆ ಆ ಹೆಸರು. ಸಾಹೇಬರು ವರದಿ ಓದಿದರು. ಗಿರಾಕಿಗಳು ಕಡಿಮೆ, ಆದರೆ ಅದು ಋತುಮಾನದ ಪ್ರಭಾವ ಇರಬಹುದು. ಅಡುಗೆಗೆ ತೊಂದರೆಯಿಲ್ಲ, ರೊಟ್ಟಿ ಅತ್ಯುತ್ತಮ, ಕಸಿತ ಇಲ್ಲ. ಪಕ್ಕದಲ್ಲಿದ್ದ ಕಲ್ಲವ್ವ ಇಪ್ಪತ್ತು ಪಿಸು ಮೀರದಂತೆ ಹೇಳಿದಳು:

"ಅಕ್ಕಾ, ನಿನ್ನ ಖಾನಾವಳಿ ಬಾಗಲಾ ನೀನ ಹಾಕ್ಕೊಂಡಿ ನೋಡು."

ಪರೀಕ್ಷೆ ಕೆಡಿಸಿದವರ ಅರ್ಜಿಯನ್ನು ವಜಾ ಮಾಡಬಹುದೆಂಬ ನಿಯಮವಿದೆ. ಬಾಯಿ ಬಿಟ್ಟರೂ ಸೋಲು, ಬಿಡದಿದ್ದರೂ ಸೋಲು. ಸೋಲುವುದೇ ಆದರೆ ನಿಜ ಹೇಳಿಯೇ ಸೋಲೋಣ ಎಂದು ಎದ್ದು ನಿಂತೆ. ಬುಟ್ಟಿ, ಏರಿ, ಕಲ್ಲವ್ವನ ಒಲೆ ಎಲ್ಲ ಹೇಳಿದೆ. ಮನೆಗೆ ಬಂದವರಿಗೆ ಒಡೆದ ರೊಟ್ಟಿ ಹಾಕಲು ನಾಚಿಕೆಯಾಯಿತು ಎಂದೆ. ಅಳು ಬಂತು, ಅದನ್ನೂ ಮುಚ್ಚಿಡಲಿಲ್ಲ.

ಹಿರಿಯ ಕೇಳುಗರು ವಜಾ ಎಂದು ಬರೆಯಲು ಲೇಖನಿ ಎತ್ತಿದ್ದರು. ಅಷ್ಟರಲ್ಲಿ ಗಲಗಲಿ ಸಾಹೇಬರು ಎದ್ದರು.

"ತಪ್ಪು ನಂದೂ ಐತ್ರಿ. ಒಂಬತ್ತ ದಿನ ಉಂಡೆ. ರೊಟ್ಟಿ ಎಲ್ಲಿಂದ ಬರ್ತದಂತ ಒಮ್ಮೆನೂ ಕೇಳಲಿಲ್ಲ. ಇವತ್ತ ಇಲ್ಲೇ ಮಾಡಿದ್ದು ಹಾಕ್ರಿ."

ನಾಲ್ವರಿಗೂ ತಾಟು ಹಾಕಿದೆ. ಚೂರುಗಳು ಪಲ್ಯ ಎತ್ತಲಾರದೆ ಕೈಯಲ್ಲೇ ಪುಡಿಯಾದವು. ಹಿರಿಯ ಕೇಳುಗರು ಎರಡು ತುತ್ತಿಗೆ ನೀರು ಕೇಳಿ, ಚಮಚವನ್ನೂ ಕೇಳಿದರು. ಸಾಹೇಬರು ಮಾತ್ರ ಕೊನೆಯ ಚೂರಿನವರೆಗೆ ಉಂಡು, ಕೈ ತೊಳೆದು, ವರದಿಯಲ್ಲಿ ತಾವು ಬರೆದ 'ಇಲ್ಲ' ಹೊಡೆದುಹಾಕಿ 'ಇದೆ' ಎಂದು ಬರೆದರು. ನನಗೆ ಅವರ ಮೇಲೆ ಅಕ್ಕರೆ ಉಕ್ಕಿತು, ಸುಳ್ಳೇಕೆ ಹೇಳಲಿ.

ಕೇಳುಗರು ವಜಾ ಮಾಡುವುದನ್ನು ಬಿಟ್ಟು ಕಸಿತ ಇದೆ ಎಂದೇ ತೀರ್ಪು ಕೊಟ್ಟರು. ಹಕ್ಕಿಗಳ ನಾಲ್ಕು ತಿಂಗಳ ಮೌನ ಹಾಗೇ ಉಳಿಯಿತು, ಉಳಿಯಲೇಬೇಕು. ಆದರೆ ಸರ್ಕಾರ ಏರಿಯಾಚೆ ಆರು ಒಲೆಯ ರೊಟ್ಟಿಮನೆ ಕಟ್ಟಿಸಿ, ರೊಟ್ಟಿ ಸಾಗಿಸಲು ಸದ್ದಿಲ್ಲದ ಗಾಡಿ ಕೊಟ್ಟಿತು. ಅಲ್ಲಿಯವರೆಗೆ ಆದೇಶ ಜಾರಿಯಾಗಲಿಲ್ಲ. ಈಗ ಪಂಕ್ತಿ ಮತ್ತೆ ತುಂಬಿದೆ. ಈ ಚಳಿಗಾಲ ಹೆಬ್ಬಾತುಗಳೂ ಹೆಚ್ಚಿಗೆ ಬಂದಿವೆ, ಊಟದ ಸುದ್ದಿ ಅವಕ್ಕೂ ಮುಟ್ಟಿರಬೇಕು.

ಹಿರಿಯರೇ, ನಿಮ್ಮ ಕಾಲದಲ್ಲಿ ಕಸಿತದ ಸಾಲೂ ಇರಲಿಕ್ಕಿಲ್ಲ, ವಾಸಪರೀಕ್ಷೆಯೂ ಇರಲಿಕ್ಕಿಲ್ಲ. ಆದರೂ ಎಂದಾದರೊಂದು ದಿನ, ನಿಮ್ಮಿಂದ ಏನನ್ನೂ ಪಡೆಯುತ್ತಿಲ್ಲ ಎಂಬ ಕಾಗದ ಹಿಡಿದು ಯಾರಾದರೂ ನಿಮ್ಮ ಮನೆಗೆ ಬರುತ್ತಾರೆ. ಅವರನ್ನು ಬೈಯಬೇಡಿ, ಬಾಗಿಲು ಹಾಕಬೇಡಿ. ಕೂರಿಸಿ, ನೀರು ಕೊಡಿ, ತಾಟು ಇಡಿ. ಮೇಲೆ ಬಿದ್ದು ಉಪಚಾರ ಮಾಡುವುದು ನಮ್ಮ ರಕ್ತದಲ್ಲೇ ಇದೆ, ನಾನೇ ಸಾಕ್ಷಿ. ಅದೊಂದು ದಿನ ಮಾತ್ರ ಕೈ ಬಿಗಿಹಿಡಿದು, ಆ ಕಾಗದ ನಿಮಗೆ ಏನು ಉಳಿಸಿದೆಯೋ ಅದನ್ನೇ ಬಡಿಸಿ.

ನಿಮ್ಮ,
ಫಕೀರವ್ವ