ಮೇನ್ ಸ್ವಿಚ್ಚಿನ ಜಗಳ

ಮೇ ೧೪, ಬುಧವಾರ. ಯಲ್ಲಾಪುರ.

ಬೆಳಿಗ್ಗೆ ಕಂಪ್ಯೂಟರ್ ಶುರುವಾಗಲೇ ಇಲ್ಲ. ಗುಡುಗಿದಾಗಲೆಲ್ಲ ಮಾವ ನನಗೆ ಹೇಳದೆ ಮೇನ್ ಸ್ವಿಚ್ ಆರಿಸುತ್ತಾರೆ. ನಡೆಯುತ್ತಿದ್ದ ಕಂಪ್ಯೂಟರ್ ಹಾಗೇ ಆರಿಹೋಗುತ್ತದೆ. ಪಾಪ, ಅದಾದರೂ ಎಷ್ಟು ಸಲ ತಡೆದೀತು? ಅಂಧ ಮಕ್ಕಳಿಗಾಗಿ ನಾನು ಓದಿ ರೆಕಾರ್ಡ್ ಮಾಡಿದ ಪಾಠಗಳೆಲ್ಲ ಅದರೊಳಗಿದ್ದವು.

"ಹಾಳಾತು, ಬಿಡು. ಮನೆ ಕೆಲಸ ನೋಡು" ಎಂದರು ಮಾವ.

"ಆನು ಬಿಡ್ತಿಲ್ಲೆ" ಎಂದೆ.

ಗೆಳತಿ ಗಗನಾ ಫೋನಿನಲ್ಲಿ ಹೇಳಿಕೊಟ್ಟಂತೆ ಪೆನ್‌ಡ್ರೈವ್ ಹಾಕಿ ಶುರು ಮಾಡಿ, ಡಿಸ್ಕ್ ರಿಪೇರಿಗೆ ಬಿಟ್ಟೆ. ಮಧ್ಯಾಹ್ನವೆಲ್ಲ ಮತ್ತೆ ಮತ್ತೆ ಮಾಡಿದರೂ ಆಗಲಿಲ್ಲ. ಸಂಜೆ ಹೊತ್ತಿಗೆ ಸ್ಪೀಕರಿನಲ್ಲಿ ನನ್ನದೇ ದನಿ ಪಾಠ ಓದಿತು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಮಾವನ ಎದುರಿಗೇ ಹೋಗಿ, ಮುಟ್ಟಬೇಡಿ ಎಂದೇ ಹೇಳಿದೆ: "ಇನ್ನು ಎನ್ನ ಕೇಳ್ದೆ ಸ್ವಿಚ್ಚು ಮುಟ್ಟಡಿ."

ಅವರು ಎದ್ದು ಜಗುಲಿಗೆ ಹೋದರು. ಈ ಮನೆಗೆ ಬಂದಮೇಲೆ ಅವರಿಗೆ ಎದುರಾಡಿದ್ದು ಇವತ್ತೇ ಮೊದಲು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.