ತುಟಿಗಿಂತ ತಡವಾಗಿ ಬಂದ ಮಾತು

ಪ್ರೀತಿಯ ಚೂಟಿಗೆ, ನಿನ್ನ ಅತ್ತಿಗೆ ಬರೆಯುತ್ತಿರುವುದು.

ಮೊನ್ನೆ ನೀನು ಕಳಿಸಿದ ಸಂದೇಶವನ್ನು ನಿನ್ನಣ್ಣನಿಗೆ ತೋರಿಸಲಿಲ್ಲ. "ಅಣ್ಣಂಗೆ ನನ್ನ ಮೇಲೆ ಬೇಜಾರಾ ಅತ್ತಿಗೆ? ನಾನು ತೆರೆ ಮೇಲೆ ಬಂದ ತಕ್ಷಣ ಎದ್ದು ಹೋಗ್ತಾನಲ್ಲ" ಎಂದು ಕೇಳಿದ್ದೆ. ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯೆ, ನಾನೂ ಎಲ್ಲಿಂದ ಎಲ್ಲಿಗೋ ಹೋಗಿಬಿಡುತ್ತೇನೆ. ಇದನ್ನು ಮೊದಲಿಂದ ಕೊನೆಯವರೆಗೆ ಹೇಳಬೇಕು.

ಬೇಜಾರಿಲ್ಲ ಕಣೇ. ನೀನು ಕಳಿಸಿದ ವೈರಿಲ್ಲದ ಸ್ಪೀಕರುಗಳು ಬಂದ ದಿನ ಅವರ ಸಂಭ್ರಮ ನೋಡಬೇಕಿತ್ತು. ದನಿ ಒಡೆದುಹೋಗಿದ್ದ ಹಳೆಯವನ್ನು ಎತ್ತಿಟ್ಟು, ಹೊಸವನ್ನು ಕಂಪ್ಯೂಟರಿನ ತೆರೆಯ ಎರಡು ಪಕ್ಕ ಇಟ್ಟು, ದೂರ ನಿಂತು ನೋಡಿ, ಮತ್ತೆ ಬಂದು ಒರೆಸಿದರು. ತಂಗಿ ತನ್ನ ಕಿವಿಗೋಸ್ಕರ ಕಳಿಸಿದ್ದಾಳೆ ಎಂದು ಮನೆಗೆ ಬಂದವರಿಗೆಲ್ಲ ಹೇಳಿದ್ದೂ ಹೇಳಿದ್ದೇ. ಮುದ್ರಣಾಲಯದ ಯಂತ್ರಗಳ ಪಕ್ಕದಲ್ಲೇ ಅರ್ಧ ಆಯುಸ್ಸು ಕಳೆದ ಕಿವಿ. ಸದ್ದು ಜೋರಾದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದೇ ನಾವೆಲ್ಲ ನಂಬಿದ್ದೆವು.

ಆ ಭಾನುವಾರ ಎಂದಿನಂತೆ ವಿಡಿಯೊ ಕರೆಯಲ್ಲಿ ನೀನು ತೆರೆ ಮೇಲೆ ಬಂದೆ. ನಿನ್ನ ದನಿ ಕೋಣೆ ತುಂಬಿತು, ಜೊತೆಗೆ ಒಣಗಿದ ಎಲೆ ತುಳಿದಂಥ ಕರಕರ ಸದ್ದು. ಅವರು ಸ್ವಲ್ಪ ಹೊತ್ತು ಹ್ಞೂಂಗುಟ್ಟಿದರು. ನೀನು ಆಗಲೇ ಹೇಳಿದ್ದನ್ನೇ ಮತ್ತೆ ಕೇಳಿದರು, ನೀನು ತಮಾಷೆ ಮಾಡಿದೆ. ಮುಂದಿನ ವಾರ ನಲ್ಲಿ ಸೋರುತ್ತಿದೆ ಎಂದು ಎದ್ದು ಹೋದರು. ನಲ್ಲಿ ಚೆನ್ನಾಗೇ ಇತ್ತು. ಆಮೇಲೆ ನೀನು ಬರುವ ಹೊತ್ತಿಗೆ ಸರಿಯಾಗಿ ಚಪ್ಪಲಿ ಮೆಟ್ಟಿಕೊಂಡು ವಾಯುವಿಹಾರಕ್ಕೆ ಹೊರಡತೊಡಗಿದರು. ಕೇಳಿದರೆ, ನೀವಿಬ್ಬರೇ ಮಾತಾಡಿಕೊಳ್ಳಿ ಎನ್ನುವರು. ಕಿವಿ ಪೂರ್ತಿ ಕೈಕೊಟ್ಟಿತೇನೋ, ಇನ್ನು ಒಂದೊಂದೇ ಮಾತು ಬಿಟ್ಟು ಇವರು ತಮ್ಮೊಳಗೇ ಸೇರಿಕೊಂಡುಬಿಡುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು.

ವಿಷಯ ಹೊರಬಿದ್ದದ್ದು ನನ್ನ ಹೊಲಿಗೆ ಮೇಜಿನ ಹತ್ತಿರ. ಗಿರಾಕಿಯೊಬ್ಬರ ಕೋಟಿನ ಅಂಚು ಮಡಿಸುತ್ತಿದ್ದೆ. ಪಿನ್ನುಗಳನ್ನು ತುಟಿಗಳ ಮಧ್ಯೆ ಕಚ್ಚಿಕೊಂಡು, ಪಕ್ಕದಲ್ಲೇ ಕೂತಿದ್ದವರನ್ನು ಚಹಾ ಮಾಡಲೇ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಇನ್ನೊಂದು ಸಲ ಸಿಡುಕಿನಿಂದ ಕೇಳಿದೆ.

"ಪಿನ್ನು ತೆಗೆದು ಹೇಳೇ. ಬಾಯಿ ಆಡದೆ ಇದ್ರೆ ನಂಗೆ ಹೇಗೆ ಕೇಳ್ಸುತ್ತೆ?"

ಹೇಳಿ ತಾವೇ ಬೆರಗಾದರು. ನಾನು ಕೋಟು ಕೆಳಗಿಟ್ಟೆ. ಯಂತ್ರಗಳ ಗದ್ದಲದಲ್ಲಿ ಜೊತೆಯವರ ತುಟಿ ನೋಡಿಯೇ ಮಾತು ಹಿಡಿಯುವುದನ್ನು ಅವರು ಯಾವಾಗಲೋ ಕಲಿತುಬಿಟ್ಟಿದ್ದಾರೆ, ಕಲಿತದ್ದು ಅವರಿಗೇ ಗೊತ್ತಿಲ್ಲ. ಹಾಗಾದರೆ ಚೂಟಿ ಮಾತಾಡುವಾಗ ಏನಾಗುತ್ತದೆ ಎಂದು ಕೇಳಿದೆ.

"ಅವಳ ಬಾಯಿ ಒಂದು ಹೇಳುತ್ತೆ, ಸದ್ದು ಇನ್ನೊಂದು ಹೇಳುತ್ತೆ. ಯಾವುದನ್ನ ಹಿಡೀಲಿ? ತಪ್ಪು ನನ್ನ ಕಿವೀದೇ ಅಂದ್ಕೊಂಡೆ. ಅಷ್ಟು ಆಸೆಯಿಂದ ಕಳ್ಸಿದಾಳೆ, ಹೇಗೆ ಹೇಳೋದು?"

ಮಾರನೆಯ ದಿನ ನನ್ನ ಹೊಲಿಗೆ ಅಂಗಡಿಗೆ ರಜೆ ಹಾಕಿದೆ. ಹೊಲಿಗೆ ಯಂತ್ರ ದಾರ ಕಡಿಯುತ್ತಿದ್ದರೆ ಒಂದೊಂದಾಗಿ ನೋಡುತ್ತೇವಲ್ಲ, ಮೊದಲು ಸೂಜಿ, ಆಮೇಲೆ ದಾರದ ಬಿಗಿ, ಆಮೇಲೆ ಬಾಬಿನ್ನು, ಹಾಗೇ ಶುರುಮಾಡಿದೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆ ತುರುಕಿದ್ದೆವು. ವೈರಿಲ್ಲದೆ ಸದ್ದು ಕಳಿಸುವ ಬ್ಲೂಟೂತಿನ ಬೆರಳುದ್ದದ ತುಂಡು ಅದರ ಬೆನ್ನಿಗಿತ್ತು. ಅದನ್ನು ಕಿತ್ತು ಮುಂದುಗಡೆ, ಸ್ಪೀಕರಿಗೆ ಎದುರಾಗಿ ಸಿಕ್ಕಿಸಿದೆ. ಕರಕರ ನಿಂತೇಹೋಯಿತು. ಆದರೆ ತುಟಿ ಆಡಿದ ಮೇಲೆ ಸದ್ದು ತಡವಾಗಿ ಬರುವುದು ಮಾತ್ರ ಹಾಗೇ ಉಳಿಯಿತು. ನನ್ನ ಫೋನೂ ಬ್ಲೂಟೂತಿನಲ್ಲಿ ಅದೇ ಸ್ಪೀಕರಿಗೆ ಅಂಟಿಕೊಂಡಿತ್ತು, ಬಿಡಿಸಿದೆ. ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಹೀಗೆ ವೈರಿಲ್ಲದೆ ಗಾಳಿಯಲ್ಲಿ ಹೋಗುವ ಸದ್ದು ಒಂದು ಚಿಟಿಕೆ ಹೊತ್ತು ಹಿಂದೆ ಬೀಳುವುದು ಅದರ ಸ್ವಭಾವವೇ ಎಂದು ಓದಿ ತಿಳಿಯಿತು. ನಮ್ಮಂಥವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ತುಟಿ ಓದುವವರಿಗೆ ಹಾಗಲ್ಲ. ಕೊನೆಗೆ ಸ್ಪೀಕರಿನ ಬೆನ್ನು ತಿರುಗಿಸಿ ನೋಡಿದರೆ, ವೈರು ಸಿಕ್ಕಿಸಲು ಒಂದು ಸಣ್ಣ ತೂತು! ವೈರಿಲ್ಲದ ಸ್ಪೀಕರಿಗೆ ವೈರು ಹಾಕಿದೆ. ನಗಬೇಡ.

ಪರೀಕ್ಷೆಗೆಂದು ಅವರನ್ನು ತೆರೆಯ ಮುಂದೆ ಕೂರಿಸಿ, ನಾನು ಫೋನಿನಿಂದ ಅವರಿಗೆ ವಿಡಿಯೊ ಕರೆ ಮಾಡಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಏನು ಮಾತಾಡಬೇಕೋ ತಿಳಿಯದೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಹೇಳತೊಡಗಿದೆ. ಅಕ್ಕಿ ಮುಗಿಯುತ್ತಾ ಬಂತು ಎಂದೆ.

"ತರ್ತೀನಿ ಬಿಡು" ಎಂದರು.

ಅಷ್ಟೇ ಮಾತು. ಆದರೆ ನಾನು ಹೇಳಿ ಮುಗಿಸಿದ ಕೂಡಲೇ ಬಂದ ಉತ್ತರ ಅದು. ಫೋನಿನಲ್ಲಿ ಅವರ ಮುಖ ಬಿಗಿ ಸಡಿಲಿಸಿಕೊಂಡದ್ದನ್ನು ನೋಡುತ್ತಾ ನಾನು ಬೇಳೆ, ಸಕ್ಕರೆ ಎಂದು ಪೂರ್ತಿ ಅಡುಗೆಮನೆಯನ್ನೇ ಒಪ್ಪಿಸಿದೆ. ಅವರು ಎಲ್ಲದಕ್ಕೂ ಉತ್ತರ ಕೊಟ್ಟರು. ನಾನೂ ಬಾಗಿಲು ತೆಗೆಯುವ ಅವಸರ ಮಾಡಲಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಈಗ ನಿನ್ನ ಕಡೆಯ ಕೆಲಸ. ದೀಪವೋ ಕಿಟಕಿಯೋ ನಿನ್ನ ಎದುರಿಗಿರಲಿ, ಬೆನ್ನ ಹಿಂದೆ ಬೇಡ. ಮುಖ ತೆರೆಯ ಹತ್ತಿರವಿರಲಿ. ಇನ್ನೊಂದು ಮಾತು. ಇದನ್ನು ನಿನಗೆ ಬರೆಯಬೇಕೆಂದು ನಿನ್ನಣ್ಣನೇ ಹೇಳಿದ್ದು, ಹೇಳುವಾಗ ನನ್ನ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು.

"ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾಳೆ, ಚಿಕ್ಕವಳಿದ್ದಾಗಿಂದ. ಹಲ್ಲು ಸೊಟ್ಟ ಅಂತ ಆಗ ನಾನೇ ರೇಗಿಸ್ತಿದ್ದೆ. ಕೈ ತೆಗಿ ಅಂತ ಹೇಳು. ಅವಳ ನಗು ನಂಗೆ ಕೇಳ್ಬೇಕು."

ಭಾನುವಾರ ಕಾಯುತ್ತಿರುತ್ತೇವೆ. ನಿನ್ನ ಮನೆಯಲ್ಲಿ ಬೆಳಕಿರಲಿ, ಬಾಯ್ತುಂಬ ನಗು ಇರಲಿ.

ನಿನ್ನ,
ಅತ್ತಿಗೆ