ಐದು ಬೆರಳಿನ ಬಾಡಿಗೆ ಕಾರು

ಜನವರಿ 4, 1976, ಭಾನುವಾರ. ಭೀಮಸಮುದ್ರ

ಬೆಳಿಗ್ಗೆ ದೊಡ್ಡಮ್ಮನ ರೇಡಿಯೊ ಸೆಲ್ ಕದ್ದು ಟಾರ್ಚಿಗೆ ಹಾಕಿಕೊಂಡೆ. ಬೈಗುಳ ಪ್ರಾಪ್ತಿ. ಸೆಲ್ ವಾಪಸ್. ಎಂದಿನಂತೆ ದಿನ ಶುಭಾರಂಭ.

ಊಟದ ಹೊತ್ತಿಗೆ ಘನ ಸಭೆ. ಅಧ್ಯಕ್ಷರು ಅಪ್ಪ, ಅಂದರೆ ಅಡಿಕೆ ಮಂಡಿಯ ಮುರುಗಪ್ಪನವರು. ವಿಷಯ: ಸಿಲೋನ್ ಪ್ರವಾಸ. ಮೂರು ಪಾಸ್‌ಪೋರ್ಟು ಬಂದಿವೆ. ಅಪ್ಪನದು, ದೊಡ್ಡಮ್ಮನದು, ನನ್ನದು. ಅವ್ವ "ನಂಗೆ ನಮ್ಮೂರ ಕೆರೆ ನೀರೇ ಸಾಕು" ಎಂದು ಮೊದಲೇ ಹಿಂದೆ ಸರಿದಿದ್ದಳು. ನಾನು ಹೊರಟಿರುವುದು ಇಂಗ್ಲಿಷ್ ಮಾತಾಡಲು. ದೊಡ್ಡಮ್ಮ ಹೊರಟಿರುವುದು ರೇಡಿಯೊ ದೆಸೆಯಿಂದ. ದೊಡ್ಡಪ್ಪ ತೀರಿಕೊಂಡ ಮೇಲೆ ಆಕೆಗೆ ಸಿಲೋನಿನ ಹಾಡುಗಳೇ ಜೊತೆ. "ಆ ಹಾಡು ಬರೋ ದೇಶ ಒಂದ್ಸಲ ಪೂರಾ ಸುತ್ತಿ ನೋಡ್ಬೇಕು" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಅಲ್ಲಿ ಸುತ್ತುವುದು ಹೇಗೆ? ರೈಲೋ, ಬಾಡಿಗೆ ಕಾರೋ?

"ಕಾರೇ" ಎಂದರು ಅಪ್ಪ. "ಹಿರಿಯೂರಿನ ಶಿವಕುಮಾರಪ್ಪ ಹೋದ ವರ್ಷ ಅಲ್ಲಿ ಕಾರಲ್ಲಿ ಸುತ್ತಿ ಬಂದಿದ್ದನ್ನ ಇನ್ನೂ ಹೇಳ್ತಾನೇ ಇದಾನೆ. ನಾನು ರೈಲಲ್ಲಿ ಕಡ್ಲೆಕಾಯಿ ಸುಲ್ಕಂತ ಹೋಗ್ಲಾ?"

ನಿರ್ಣಯ ಅಂಗೀಕಾರ. ದೊಡ್ಡಮ್ಮ ಮಾತ್ರ ತುತ್ತು ಕೈಯಲ್ಲೇ ಹಿಡಿದು ಕುಳಿತಿದ್ದಳು.

ಜನವರಿ 11, ಭಾನುವಾರ

ಹೊಳಲ್ಕೆರೆಯ ನೆಂಟರ ಮನೆಯಲ್ಲಿ ಕೂಸಿನ ತೊಟ್ಟಿಲ ಶಾಸ್ತ್ರ. ಟ್ಯಾಕ್ಸಿಯಲ್ಲಿ ನಾನು, ದೊಡ್ಡಮ್ಮ, ಒಂದು ಬುಟ್ಟಿ ಉಂಡೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ, "ನಿಲ್ಸಪ್ಪ, ಆ ಹುಣಸೇಮರದ ಹಿಂದೆ ದೇವ್ರು ಐತೆ, ಕೈಮುಗ್ದು ಬರ್ತೀನಿ." ನಿಲ್ಲಿಸಿದ. ಇನ್ನೊಂದಿಷ್ಟು ದೂರಕ್ಕೆ ಇನ್ನೊಂದು ದೇವರು. ಮೂರನೆಯದು ಬರೀ ಜಾಲಿಪೊದೆ. ಇಷ್ಟು ಭಕ್ತಿ ಯಾವಾಗ ಬಂತು? ನಾನೂ ಕೈಮುಗಿದುಕೊಂಡೇ ಹಿಂಬಾಲಿಸಿದೆ.

ಜಾಲಿಪೊದೆಯ ಹಿಂದೆ ದೊಡ್ಡಮ್ಮ ಬಗ್ಗಿ ವಾಂತಿ ಮಾಡುತ್ತಿದ್ದಳು.

"ಬಾಯಿ ಬಿಟ್ಟೀ ನೋಡು ಲೇ. ನಂಗೆ ಕಾರು ಆಗಲ್ಲ ಅಂತ ಗೊತ್ತಾದ್ರೆ ಮುರುಗಪ್ಪ ನನ್ನ ಊರಲ್ಲೇ ಬಿಟ್ಟು ಹೋಗ್ತಾನೆ."

"ಮತ್ತೆ ಅಲ್ಲೇನ್ಮಾಡ್ತಿ ದೊಡ್ಡಮ್ಮ?"

"ನೀವಿಬ್ರು ಸುತ್ತಿ ಬರ್ರಿ. ನಾನು ಲಾಡ್ಜಲ್ಲಿ ಪೂಜೆ ಮಾಡ್ಕಂತ ಕುಂತಿರ್ತೀನಿ."

ಸಮುದ್ರ ದಾಟಿ ಹೋಗಿ ಲಾಡ್ಜಿನ ಗೋಡೆ ನೋಡುವುದು! ಜಾಲಿಪೊದೆಯ ಸಾಕ್ಷಿಯಾಗಿ ಪ್ರತಿಜ್ಞೆ ಕೈಗೊಂಡೆ: ಬಾಯಿ ಬಿಡುವುದಿಲ್ಲ. ಆದರೆ ಕಾರಿನ ನಿರ್ಣಯ ಉರುಳಿಸದೆ ಬಿಡುವುದಿಲ್ಲ.

ಜನವರಿ 13

ಪೇಪರ್ ಓದುವಂತೆ ನಟಿಸಿ, ಗಟ್ಟಿಯಾಗಿ: "ಸಿಲೋನಿನಲ್ಲಿ ಕಾಡಾನೆಗಳು ದಾರಿಗೆ ಬಂದು ಕಾರುಗಳನ್ನು ತಳ್ಳುತ್ತಿವೆ..."

ಅಪ್ಪ ಲೆಕ್ಕದಿಂದ ತಲೆಯೆತ್ತಲಿಲ್ಲ. "ತಳ್ಳಿದ್ರೆ ಪೆಟ್ರೋಲ್ ಉಳೀತು ಬಿಡು."

ಸೋಲು.

ಫೆಬ್ರವರಿ 3, ಮಂಗಳವಾರ. ಹಡಗಿನಲ್ಲಿ

ರಾಮೇಶ್ವರ ಹಿಂದಾಯಿತು. ಸುತ್ತ ನೀರೋ ನೀರು. ದೊಡ್ಡಮ್ಮನ ಹೊಟ್ಟೆ ಗಟ್ಟಿ, ಕಂಬಿ ಹಿಡಿದು ನಿಂತೇ ಇದ್ದಾಳೆ. ಹಡಗು ಆಗುತ್ತದೆ, ರೈಲು ಆಗುತ್ತದೆ. ಕಾರೊಂದೇ ಶತ್ರು.

ಫೆಬ್ರವರಿ 5, ಗುರುವಾರ. ಕೊಲಂಬೊ

ಇಂದು ಸಂಜೆ ನಡೆದದ್ದನ್ನು ಇತಿಹಾಸಕ್ಕಾಗಿ ದಾಖಲಿಸುತ್ತಿದ್ದೇನೆ.

ನಾಳೆ ಕ್ಯಾಂಡಿಗೆ ಹೋಗಬೇಕು. ದೊಡ್ಡಮ್ಮ ಬೆಳಿಗ್ಗೆಯಿಂದಲೇ "ಯಾಕೋ ಮಂಡಿ ನೋವು, ನೀವೇ ಹೋಗ್ರಪ್ಪ" ಎಂದು ಶುರು ಮಾಡಿದ್ದಳು. ಸಂಜೆ ಲಾಡ್ಜಿನ ಹೊರಗೆ ಬಾಡಿಗೆಯ ಕರಿ ಕಾರು ಬಂದು ನಿಂತಿತು. ಕಾರಿನ ಯಜಮಾನ ಬೆಳ್ಳನೆ ಗಡ್ಡ ಬಿಟ್ಟ, ಸಾಧು ಸ್ವಭಾವದ ಮುದುಕ.

"ಬಾಡಿಗೆ ಎಷ್ಟು ಅಂತ ಇಂಗ್ಲಿಷಲ್ಲಿ ಕೇಳ್ಲಾ ಅಪ್ಪ?"

"ಬಾಯಿ ಬಿಟ್ಟು ರೇಟ್ ಆಡಿದ್ರೆ ಲಾಡ್ಜಿನೋರೆಲ್ಲ ಕೇಳಿಸ್ಕಂತಾರೆ. ನಮ್ಮ ಅಡಿಕೆ ಮಂಡಿ ಥರ ಮಾಡಾಣ. ಬೆರಳಿಗೆ ಇಂಗ್ಲಿಷ್ ಬೇಕೇನಲೇ?"

ನಮ್ಮ ಮಂಡಿಯಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಟವೆಲ್ ಕೆಳಗೆ ಕೈ ಸೇರಿಸಿ, ಎದುರಿನವರ ಬೆರಳು ಹಿಡಿದು ಹೇಳುತ್ತಾರೆ. ಎರಡು ಬೆರಳು ಹಿಡಿದರೆ ಇನ್ನೂರು. ಐದೂ ಹಿಡಿದರೆ ಐನೂರು. ಲೋಕದ ವ್ಯಾಪಾರಿಗಳೆಲ್ಲ ಹೀಗೇ ಮಾಡುತ್ತಾರೆಂದು ಅಪ್ಪನ ದೃಢ ನಂಬಿಕೆ.

ಟವೆಲ್ ತರಲು ರೂಮಿಗೆ ಹೋದರು. ದೇವರು ನನಗಾಗಿಯೇ ಆ ಎರಡು ನಿಮಿಷ ಸೃಷ್ಟಿಸಿದ್ದ.

ಮುದುಕನಿಗೆ ಪರಮ ವಿನಯದಿಂದ, ನನ್ನ ಬಿ.ಎ. ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮ ತಂದೆ ಟವೆಲ್ ಕೆಳಗೆ ನಿಮ್ಮ ಕೈ ಹಿಡಿಯುತ್ತಾರೆ. ಅದು ನಮ್ಮ ಕಡೆಯ ಮರ್ಯಾದೆ. ನೀವು ಅವರ ಐದೂ ಬೆರಳು ಬಿಗಿಯಾಗಿ ಹಿಡಿಯಬೇಕು. ಕಡಿಮೆ ಹಿಡಿದರೆ ಅವರಿಗೆ ನೋವಾಗುತ್ತದೆ. ಮುದುಕನ ಕಣ್ಣು ತುಂಬಿ ಬಂತು.

ಅಪ್ಪ ಟವೆಲ್ ಹಾಸಿದರು. ಎರಡು ಬೆರಳು ಹಿಡಿದಿರಬೇಕು. ಮುದುಕ ಐದೂ ಹಿಡಿದ, ನಗುನಗುತ್ತ. ಅಪ್ಪನ ಹುಬ್ಬು ಮೇಲೆ ಹೋಯಿತು. ಮೂರಕ್ಕೆ ಏರಿದರು. ಐದು! ಹಲ್ಲು ಕಚ್ಚಿ ನಾಲ್ಕು. ಮುದುಕನಿಗೆ ಪ್ರೀತಿ ಉಕ್ಕಿ, ಎರಡನೇ ಕೈಯನ್ನೂ ಟವೆಲ್ ಕೆಳಗೆ ತೂರಿಸಿದ.

"ಐನೂರಕ್ಕೆ ಐನೂರು, ಸಾವಿರ!" ಅಪ್ಪ ಕೈ ಕಿತ್ತುಕೊಂಡು ಎದ್ದರು. "ಬಾಡ್ಗೆ ಕೇಳ್ತಾನೋ ಕಾರೇ ಮಾರ್ತಾನೋ! ನಗ್ತಾ ನಗ್ತಾ ಕತ್ತು ಕೊಯ್ತಾನಲ್ಲೇ. ಇಂಥೋನು ಭೀಮಸಮುದ್ರದಾಗೆ ಇದ್ದಿದ್ರೆ ನಮ್ಮ ಮಂಡಿಗೆಲ್ಲ ಬೀಗ. ನಡೀರಿ, ರೈಲಿಗೇ ಹೋಗಾಣ."

ದೊಡ್ಡಮ್ಮನ ಮಂಡಿ ನೋವು ಆ ಕ್ಷಣವೇ ವಾಸಿ. ಮುದುಕನಿಗೂ ಕೇಡಾಗಲಿಲ್ಲ. ಬಾಗಿಲಲ್ಲೇ ಮದ್ರಾಸಿನ ಸಂಸಾರವೊಂದು ಕಾರು ಹಿಡಿಯಿತು. ಹೋಗುವಾಗ ಮುದುಕ ಅಪ್ಪನಿಗೆ ಕೈ ಬೀಸಿದ. ಅಪ್ಪ ಗೋಡೆ ನೋಡಿದರು.

ಫೆಬ್ರವರಿ 6, ಶುಕ್ರವಾರ. ಕ್ಯಾಂಡಿ ರೈಲಿನಲ್ಲೇ, ಬೆಳಿಗ್ಗೆ

ಅಕ್ಷರ ಕುಣಿಯುತ್ತಿದೆ. ರೈಲು ಬೆಟ್ಟ ಹತ್ತುತ್ತಿದೆ. ಕಿಟಕಿ ಪಕ್ಕದ ಸೀಟು ದೊಡ್ಡಮ್ಮನದು, ಸೆರಗು ಹಾರಿ ಹಾರಿ ಅಪ್ಪನ ಮುಖಕ್ಕೆ ಬಡಿಯುತ್ತಿದೆ. ಅನಾನಸ್ ಮಾರುವವನ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದಳು. ತನಗೆ ಬರುವ ರೇಡಿಯೊ ಹಾಡನ್ನೆಲ್ಲ ಗುನುಗುತ್ತಿದ್ದಾಳೆ.

ಖುಷಿ ಹೆಚ್ಚಾಗಿ ಬಾಯಿ ಸಡಿಲ. ಈಗಷ್ಟೇ ಹೇಳಿಬಿಟ್ಟಳು—

"ಮುರುಗಪ್ಪ, ನಂಗೆ ಕಾರು ಆಗಲ್ಲ ಕಣಪ್ಪ. ಹತ್ತಿದ್ರೆ ಹೊಟ್ಟೆ ತೊಳಸ್ತೈತೆ. ಇವತ್ತು ಕಾರಾಗಿದ್ರೆ ನಾನು ಲಾಡ್ಜಲ್ಲೇ ಉಳೀತಿದ್ದೆ."

ಅಪ್ಪ ಆಕೆಯನ್ನೇ ನೋಡಿದರು. ಆಮೇಲೆ ಬೋಗಿಯ ತುಂಬ ಕಣ್ಣಾಡಿಸಿದರು. ಕನ್ನಡ ಬರುವವರು ಒಬ್ಬರೂ ಇಲ್ಲ. ಆದರೂ ದನಿ ತಗ್ಗಿಸಿದರು.

"ಮೊದ್ಲೇ ಹೇಳಬಾರ್ದಾ ಅತ್ತಿಗೆ? ನಂಗೂ ಆಗಲ್ಲ."

"ಏನು?"

"ಕಾರು. ಆ ಶಿವಕುಮಾರಪ್ಪನ ಬಾಯಿ ಮುಚ್ಸಾಕೆ ಹಲ್ಲು ಕಚ್ಕಂಡು ಹೊರಟಿದ್ದೆ." ಜುಬ್ಬದ ಜೇಬಿಗೆ ಕೈ ಹಾಕಿ ವಾಂತಿ ಬಾರದಂತೆ ಮೂಸಲು ತಂದಿದ್ದ ನಿಂಬೆಹಣ್ಣು ಹೊರತೆಗೆದರು. ದೊಡ್ಡಮ್ಮ ತನ್ನ ಚೀಲ ಬಿಚ್ಚಿದಳು. ಅದರಲ್ಲಿ ಅರ್ಧ ಚೀಲ ನಿಂಬೆಹಣ್ಣು.

ಟ್ಯಾಕ್ಸಿಯಲ್ಲಿ ಅಪ್ಪ ಬಾಯಿ ಬಿಗಿದು ಕೂರುವುದನ್ನು ಇಷ್ಟು ವರ್ಷ ಗಾಂಭೀರ್ಯವೆಂದು ಗೌರವಿಸಿದ್ದೆ!

ಇಬ್ಬರಿಗೂ ನಗು. ದೊಡ್ಡಮ್ಮ ಕಣ್ಣೊರೆಸಿಕೊಂಡು, "ವಾಪಸ್ ಹೋಗೋತನಕ ಎಲ್ಲಾ ಕಡೆ ರೈಲೇ" ಎಂದು ನಿರ್ಣಯ ಮಂಡಿಸಿದಳು. ಸರ್ವಾನುಮತ. ಈಗ ಅಪ್ಪ ನಗು ನಿಲ್ಲಿಸಿ ನನ್ನ ಕಡೆ ತಿರುಗಿದ್ದಾರೆ.

"ಲೇ, ಆ ಮುದುಕ ಅಷ್ಟು ಬಿಗಿಯಾಗಿ ಯಾಕೆ ಹಿಡ್ದ?"

ತುಂಬ ಗಂಭೀರವಾಗಿ ಬರೆಯುತ್ತಿದ್ದೇನೆ. ಕೇಳಿಸುತ್ತಿಲ್ಲ. ಎದ್ದರು, ಬಗ್ಗಿ ಓದಲು ಬರುತ್ತಿ... ಆಹಾ, ಸುರಂಗ! ಕತ್ತಲೆ. ಏನೂ ಕಾಣ—